ಉಸಿರಾಡುವ ಮರಳು

ಕಾರ್ಖಾನೆಯಲ್ಲಿ ನನ್ನನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಅದರಲ್ಲಿ ನನ್ನ ತಪ್ಪೇನೂ ಇಲ್ಲ, ನನ್ನ ಕೆಲಸವೇ ಅಂಥದ್ದು. ಕಾರಿನ ಎಂಜಿನ್ ಬ್ಲಾಕು ಎರಕವಾಗಿ, ತಣಿದು, ಮೈ ಉಜ್ಜಿಸಿಕೊಂಡು ಕೊನೆಗೆ ಬರುವುದು ನನ್ನ ನೀರಿನ ತೊಟ್ಟಿಗೆ. ಅದರ ಬಾಯಿಗಳಿಗೆಲ್ಲ ರಬ್ಬರ್ ಹಾಕಿ ತಟ್ಟೆ ಬಿಗಿದು, ಒಳಕ್ಕೆ ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ, ಮೂರು ನಿಮಿಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಗುಳ್ಳೆ ಎದ್ದರೆ ಬ್ಲಾಕು ಸೋರುತ್ತದೆ ಎಂದರ್ಥ. ನೂರು ಜನ ಬೆವರು ಸುರಿಸಿ ಮಾಡಿದ್ದನ್ನು ಒಂದು ಗುಳ್ಳೆ ನೋಡಿ ಬೇಡ ಎನ್ನುವವನನ್ನು ಯಾರು ತಾನೇ ಮುದ್ದಾಡುತ್ತಾರೆ? ಇಪ್ಪತ್ತೆರಡು ವರ್ಷ ಅಲ್ಲಿ ನನಗಿದ್ದ ಹೆಸರು ಗುಳ್ಳೆ. ಮನೆಯಲ್ಲೂ ಅದೇ ಹೆಸರು ಬಿತ್ತು. ಇಟ್ಟವಳು ನಮ್ಮ ಅತ್ತಿಗೆ.

ಈ ಕಥೆ ಅವಳದು. ಅವಳು ನನ್ನ ಅಣ್ಣನ ಹೆಂಡತಿ, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಅದಕ್ಕೇ ಮೊದಲಿನಿಂದಲೂ ನಮ್ಮಿಬ್ಬರದ್ದು ಹೋಗು ಬಾ ಎನ್ನುವ ಸಲಿಗೆ. ನಾವು ಮೂವರೂ ಒಂದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದೆವು, ಒಂದೇ ಮನೆಯಲ್ಲಿ ಉಣ್ಣುತ್ತಿದ್ದೆವು. ಅತ್ತಿಗೆ ಬ್ಲಾಕಿನ ಒಳಗಿನ ಟೊಳ್ಳು ಮಾಡುವವಳು, ಅಣ್ಣ ಕಬ್ಬಿಣ ಸುರಿಯುವವನು, ನಾನು ಇಬ್ಬರ ತಪ್ಪನ್ನೂ ಹಿಡಿಯುವವನು. ಊಟಕ್ಕೆ ಕೂತಾಗ ನಮ್ಮ ಮನೆಯಲ್ಲಿ ಎಷ್ಟು ಶಾಂತಿ ಇರುತ್ತಿತ್ತು ಎಂದು ನೀವೇ ಊಹಿಸಿಕೊಳ್ಳಿ.

ಟೊಳ್ಳು ಮಾಡುವುದೆಂದರೇನು ಎಂದು ಹೊರಗಿನವರು ಕೇಳುತ್ತಾರೆ. ಬ್ಲಾಕೆಂದರೆ ಗಟ್ಟಿ ಕಬ್ಬಿಣದ ದಿಮ್ಮಿಯಲ್ಲ. ಪಿಸ್ಟನ್ನು ಓಡಾಡುವ ನಾಲ್ಕು ದೊಡ್ಡ ತೂತುಗಳ ಸುತ್ತ, ಗೋಡೆಯ ಒಳಗೇ, ನೀರು ಹರಿಯಲು ಜಾಗ ಬೇಕು. ಇಲ್ಲದಿದ್ದರೆ ಎಂಜಿನ್ನು ಕಾದು ಸಾಯುತ್ತದೆ. ಮುಚ್ಚಿದ ಗೋಡೆಯೊಳಗೆ ಯಾರು ಹೋಗಿ ಕೊರೆಯುತ್ತಾರೆ? ಅದಕ್ಕೆ ಮೊದಲೇ ಆ ಜಾಗದ ಆಕಾರವನ್ನು ಮರಳಲ್ಲಿ ಮಾಡಿ ಅಚ್ಚಿನೊಳಗೆ ಕೂರಿಸಿರುತ್ತಾರೆ. ಅದಕ್ಕೆ ಕೋರ್ ಎನ್ನುತ್ತಾರೆ. ಮರಳಿಗೆ ಅಂಟು ಕಲಸಿ, ಬಿಸಿ ಪೆಟ್ಟಿಗೆಯಲ್ಲಿ ಗಟ್ಟಿ ಮಾಡಿ, ಕರಿ ಲೇಪದಲ್ಲಿ ಅದ್ದಿ ಒಣಗಿಸಿದ್ದು. ನಾಲ್ಕು ಬಳೆ ಒಂದಕ್ಕೊಂದು ಅಂಟಿಕೊಂಡ ಹಾಗಿರುತ್ತದೆ, ದಪ್ಪ ಬೆರಳಿನಷ್ಟು, ಕೈಜಾರಿದರೆ ಚೂರು. ಕಾದ ಕಬ್ಬಿಣ ಅದರ ಸುತ್ತ ಹರಿದು ಗಟ್ಟಿಯಾಗುತ್ತದೆ. ಆಮೇಲೆ ಮರಳು ಪುಡಿಯಾಗಿ ಉದುರಿ ಹೋಗುತ್ತದೆ, ಟೊಳ್ಳು ಉಳಿಯುತ್ತದೆ. ನಮ್ಮ ಅತ್ತಿಗೆ ದಿನಕ್ಕೆ ಹದಿನಾರು ಕೋರು ಮಾಡಿದರೆ ವಾರ ಕಳೆಯುವುದರೊಳಗೆ ಅವಳ ಕೆಲಸದಲ್ಲಿ ಒಂದು ಹಿಡಿಯೂ ಉಳಿಯುತ್ತಿರಲಿಲ್ಲ.

ಆ ಕೋಣೆಗೆ ಅವಳನ್ನು ಕರೆದುಕೊಂಡು ಹೋದವಳು ನಮ್ಮ ಅಮ್ಮ. ಅಮ್ಮನೂ ಅಲ್ಲೇ ಮುದುಕಿಯಾದವಳು. ಸೊಸೆಗೆ ಅವಳು ಕಲಿಸಿದ ಮೊದಲ ಪಾಠ ಊದುವುದು. ಕೋರಿಗೆ ಅಚ್ಚಿನಲ್ಲಿ ನಿಲ್ಲಲು ಏಳು ಪುಟ್ಟ ಕಾಲುಗಳಿರುತ್ತವೆ. ಪ್ರತಿ ಕಾಲಿನ ತುದಿಯಲ್ಲಿ ತಂತಿಯಿಂದ ಎರಡು ಸಣ್ಣ ತೂತು ಚುಚ್ಚಿ ಒಳಗಿನವರೆಗೆ ದಾರಿ ಮಾಡಬೇಕು. ಒಂದು ಕಾಲಿಗೆ ಬಾಯಿಟ್ಟು ಊದಿದರೆ ಇನ್ನೊಂದು ಕಾಲಿಂದ ಗಾಳಿ ಬರಬೇಕು. ಬರುತ್ತದೋ ಇಲ್ಲವೋ ನೋಡಲು ಪಕ್ಕದವಳು ಅಲ್ಲಿ ಕೆನ್ನೆ ಇಡುತ್ತಿದ್ದಳು.

"ಕಬ್ಬಿಣ ಸುರಿದಾಗ ಒಳಗಿನ ಅಂಟು ಸುಟ್ಟು ಹೊಗೆ ಆಗ್ತದೆ ಕಣೇ," ಎನ್ನುತ್ತಿದ್ದಳು ಅಮ್ಮ. "ಅದಕ್ಕೆ ಹೊರಗೆ ಹೋಗೋಕೆ ದಾರಿ ಬೇಕು. ಮರಳೂ ಉಸಿರಾಡಬೇಕು. ಬಾಯಿ ಮುಚ್ಚಿದ್ರೆ ಅದು ಕಬ್ಬಿಣದೊಳಗೇ ಉಸಿರು ಬಿಡ್ತದೆ."

ಅತ್ತಿಗೆ ಹಿಡಿದ ಕೆಲಸವನ್ನು ಬಿಡುವವಳಲ್ಲ. ಹತ್ತು ವರ್ಷದಲ್ಲಿ ಅಮ್ಮನನ್ನೇ ಮೀರಿಸಿದಳು. ಹದಿನೈದು ವರ್ಷಕ್ಕೆ ಆ ಕೋಣೆಯ ಹನ್ನೊಂದು ಹೆಂಗಸರಲ್ಲಿ ಅವಳೇ ಹಿರಿಯಳು, ಅವಳು ಹೇಳಿದ್ದೇ ಮಾತು. ಮೂಗಿನ ತುದಿಯಲ್ಲಿ ಕೋಪ, ಮೊಣಕೈವರೆಗೆ ಕರಿ ಲೇಪ, ಕಿವಿಯ ಹಿಂದೆ ಆ ತೂತಿನ ತಂತಿ. ನನ್ನ ತೊಟ್ಟಿಯ ಹತ್ತಿರ ಮಾತ್ರ ಅವಳು ಒಮ್ಮೆಯೂ ಬಂದಿರಲಿಲ್ಲ. ಕರೆದರೆ, "ನಿನ್ನ ಗುಳ್ಳೆ ನೀನು ನೋಡ್ಕೋ. ನಾನು ಮಾಡಿದ್ದು ಸೋರಲ್ಲ," ಎನ್ನುತ್ತಿದ್ದಳು. ಸಿಟ್ಟು ಬರುತ್ತಿತ್ತು, ಆದರೆ ಮಾತು ನಿಜವಾಗಿತ್ತು. ನೂರರಲ್ಲಿ ಎರಡೋ ಮೂರೋ ಸೋರುತ್ತಿದ್ದವು, ಅವೂ ಬೇರೆ ಕಾರಣಕ್ಕೆ.

ಹೀಗಿರುವಾಗ ಹೊಸ ತಪಾಸಣೆ ಸಾಹೇಬರು ಬಂದರು. ಜೇಬಿನಲ್ಲಿ ಸದಾ ಕೆಂಪು ಸೀಮೆಸುಣ್ಣ ಇರುತ್ತಿತ್ತಾದ್ದರಿಂದ ಎರಡೇ ದಿನದಲ್ಲಿ ಅವರು ಸೀಮೆಸುಣ್ಣ ಆದರು. ಕೆಟ್ಟ ಮನುಷ್ಯರಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸಂಜೆ ಎಲ್ಲರಿಗಿಂತ ಕೊನೆಗೆ ಹೋಗುವ ಜಾತಿ. ಬಂದವರೇ ಕೋರ್ ಕೋಣೆಗೆ ಎರಡು ಆಜ್ಞೆ ಹೊರಡಿಸಿದರು. ಒಂದು, ಕೋರಿಗೆ ಯಾರೂ ಬಾಯಿ ಇಡಬಾರದು. ಲೇಪ, ಅಂಟು ಎಲ್ಲ ಹೊಟ್ಟೆಗೆ ಹೋಗುತ್ತದೆ, ಆರೋಗ್ಯಕ್ಕೆ ಒಳ್ಳೆಯದಲ್ಲ. ಎರಡು, ಕೋರಿನ ಮೇಲೆ ತೂತು, ತಗ್ಗು, ಬಿರುಕು ಏನು ಕಂಡರೂ ಕೆಂಪು ಸುತ್ತು. ದಿನದ ಕೊನೆಗೆ ಯಾರಿಗೆ ಎಷ್ಟು ಕೆಂಪು ಎಂದು ಹಲಗೆಯ ಮೇಲೆ ಬರೆಯಲಾಗುವುದು. ಮೊದಲನೆಯದು ಸರಿಯೇ. ಎರಡನೆಯದೂ ಕೇಳಲು ಸರಿಯೇ. ಎರಡೂ ಸೇರಿದಾಗ ಏನಾಗುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ ಕೂಡ.

ಮೊದಲ ದಿನವೇ ಅತ್ತಿಗೆಯ ಕೋರಿನ ಕಾಲುಗಳಿಗೆಲ್ಲ ಕೆಂಪು ಸುತ್ತು ಬಿತ್ತು.

"ಸಾರ್, ಇವು ನಾವೇ ಚುಚ್ಚೋ ತೂತು," ಎಂದಳು ಅತ್ತಿಗೆ.

"ತೂತು ಅಂದ್ರೆ ತೂತೇ ಅಮ್ಮ," ಎಂದರು ಸೀಮೆಸುಣ್ಣ. ಅವರು ಮೊದಲು ಇದ್ದ ಕಡೆ ದಾರಿಗಳನ್ನು ಯಂತ್ರವೇ ಕೋರಿನೊಳಗೆ ಮಾಡಿಬಿಡುತ್ತಿತ್ತಂತೆ, ಕಾಲಿನಲ್ಲಿ ತೂತು ಅವರು ಕಂಡವರೇ ಅಲ್ಲ. ಅದನ್ನು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ.

ಹಲಗೆಯ ಮೇಲೆ ಅತ್ತಿಗೆಯ ಹೆಸರಿನ ಮುಂದೆ ನೂರ ಹನ್ನೆರಡು ಎಂದು ಬರೆದಿತ್ತು. ಎಲ್ಲರಿಗಿಂತ ಹೆಚ್ಚು, ಏಕೆಂದರೆ ಎಲ್ಲರಿಗಿಂತ ನಿಷ್ಠೆಯಿಂದ ಚುಚ್ಚುತ್ತಿದ್ದವಳು ಅವಳೇ. ಅವತ್ತು ಮನೆಗೆ ಬಂದವಳು ಪಾತ್ರೆಗಳನ್ನು ಕುಕ್ಕಿದ ರೀತಿಗೆ ಅಣ್ಣ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ.

"ತೂತೇ ಬೇಡ ಅಲ್ವಾ? ತಗೊಳ್ಳಲಿ," ಎಂದಳು.

ಮಾರನೆಯ ದಿನ ತೂತು ಚುಚ್ಚಿದ ಮೇಲೆ ಅದರ ಬಾಯಿಗೆ ತೆಳ್ಳಗೆ ಮರಳಿನ ಅಂಟು ಸವರಿದಳು, ಕಿರುಬೆರಳಿಂದ. ಕಬ್ಬಿಣದ ಬಿಸಿಗೆ ಆ ತೆಳು ಪೊರೆ ತಾನೇ ಬಿರಿಯುತ್ತದೆ, ದಾರಿ ಬಿಡುತ್ತದೆ ಎನ್ನುವುದು ಅವಳ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ, ಆ ವಾರ ಒಂದೂ ಸೋರಲಿಲ್ಲ. ಆದರೆ ತೆಳು ಪೊರೆ ಒಣಗಿ ಚೂರು ಕುಗ್ಗಿ ಸಣ್ಣ ತಗ್ಗು ಬೀಳುತ್ತಿತ್ತು, ಸೀಮೆಸುಣ್ಣದ ಕಣ್ಣು ಅದನ್ನೂ ಬಿಡುತ್ತಿರಲಿಲ್ಲ. ಸರಿ, ಅಂಟು ಸ್ವಲ್ಪ ದಪ್ಪವಾಯಿತು. ಆಮೇಲೆ ಇನ್ನೂ ಸ್ವಲ್ಪ. ಕೊನೆಗೆ ಒಂದು ದಿನ ಹಲಗೆಯ ಮೇಲೆ ಸೊನ್ನೆ ಬಂತು. ಸೀಮೆಸುಣ್ಣ ಎಲ್ಲರೆದುರು ಅವಳ ಕೋರನ್ನು ಎತ್ತಿ ಹಿಡಿದು, "ನೋಡಿ, ಕೆಲಸ ಅಂದ್ರೆ ಇದು," ಎಂದರು. ಅವಳು ಕೆಲಸಕ್ಕೆ ಸೇರಿದ ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಗೆ ಬಂದು ಯಾರಾದರೂ ಹೊಗಳಿದ್ದು ಅದೇ ಮೊದಲು. ಅತ್ತಿಗೆ ಉಬ್ಬಿದಳು. ಯಾಕೆ ಉಬ್ಬಬಾರದು? ಸಿಟ್ಟಿಗೆ ಶುರುಮಾಡಿದ್ದು ಈಗ ಛಲವಾಯಿತು. ಉಳಿದ ಹತ್ತು ಹೆಂಗಸರಿಗೂ ಅಂಟು ತುಂಬುವ ಕೈಚಳಕ ಅವಳೇ ಕಲಿಸಿದಳು. ಅವರಿಗೆ ಅವಳಷ್ಟು ನಾಜೂಕು ಎಲ್ಲಿಂದ ಬರಬೇಕು, ಒತ್ತಿ ಒತ್ತಿ ತುಂಬಿದರು. ತುಂಬಿದ್ದನ್ನು ಊದಿ ನೋಡುವ ಹಾಗೂ ಇಲ್ಲವಲ್ಲ, ಬಾಯಿಗೆ ಬೀಗ.

ಒಂದು ತಿಂಗಳು ಕಳೆಯುವುದರೊಳಗೆ ನನ್ನ ತೊಟ್ಟಿ ಕುದಿಯುವ ಹಂಡೆಯಂತಾಯಿತು. ನೂರಕ್ಕೆ ಹತ್ತು ಸೋರಿದವು. ಮುಂದಿನ ವಾರ ಹದಿನೆಂಟು. ಅದರ ಮುಂದಿನ ವಾರ ಮೂವತ್ತು. ಕುಂಬಳಕಾಯಿ ಕಳ್ಳ ಅಂದರೆ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಂಡರು. ಕುಲುಮೆಯವರು ಕರಗಿದ ಕಬ್ಬಿಣದ ಮೇಲಿನ ಕಿಟ್ಟ ಸರಿಯಾಗಿ ತೆಗೆದಿದ್ದೇವೆ ಎಂದರು. ಅಚ್ಚಿನವರು ತಮ್ಮ ಮರಳಿನ ತೇವ ಸರಿ ಇದೆ ಎಂದರು. ಅಣ್ಣ, "ನಾನು ಸುರಿಯೋ ಕಬ್ಬಿಣ ತಣ್ಣಗಿದ್ರೆ ಅದರಲ್ಲಿ ಕೈ ತೊಳ್ಕೊಂಡು ತೋರಿಸಲಿ," ಎಂದ. ಕೋರ್ ಕೋಣೆಯನ್ನು ಯಾರೂ ಅನುಮಾನಿಸಲಿಲ್ಲ, ಅಲ್ಲಿ ಎಲ್ಲರದ್ದೂ ಸೊನ್ನೆ. ಇನ್ನು ಕೆಲವರು, ಗುಳ್ಳೆಗೆ ಕಣ್ಣು ಮಂಜಾಗಿದೆ, ಇಲ್ಲದ್ದನ್ನು ಕಾಣುತ್ತಾನೆ ಎಂದರು. ಹಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಕೊನೆಗೆ ಮ್ಯಾನೇಜರು ಎಲ್ಲರನ್ನೂ ಸೇರಿಸಿ ಮಾತಾಡಿದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವುದು ಅವರ ಅಭ್ಯಾಸ, ಅವತ್ತು ಮಾತ್ರ ನೇರವಾಗಿಯೇ ಹೇಳಿದರು. ಕೋರು ನೋಡಲು ಚೆಂದವಾಗಿದ್ದರೂ ಕೈಯಲ್ಲಿ ಮಾಡಿದ್ದು ಕೈಯಲ್ಲಿ ಮಾಡಿದ್ದೇ. ಬೇರೆ ಕಡೆಯಿಂದ ಯಂತ್ರದ ಕೋರು ತರಿಸಿ ನೋಡಿದ್ದಾರೆ, ಸೋರಲಿಲ್ಲ. ಹದಿನೈದು ದಿನದೊಳಗೆ ಸರಿಹೋಗದಿದ್ದರೆ ಕೋರ್ ಕೋಣೆಗೆ ಬೀಗ, ಹನ್ನೊಂದು ಜನಕ್ಕೂ ಕೆಲಸವಿಲ್ಲ.

ಮಾರನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ನಾನೂ ಅಣ್ಣನೂ ಹಿತ್ತಲಿನ ರಾಶಿಯಿಂದ ಸೋರಿದ ಬ್ಲಾಕೊಂದನ್ನು ಎಳೆದೆವು. ಗುಳ್ಳೆ ಎದ್ದ ಜಾಗಕ್ಕೆ ನಾನು ಹಳದಿ ಬಣ್ಣ ಬಳಿದಿದ್ದೆ. ಅಣ್ಣ ದೊಡ್ಡ ಸುತ್ತಿಗೆಯಿಂದ ಅಲ್ಲಿಗೇ ನಾಲ್ಕು ಏಟು ಕೊಟ್ಟ. ಒಡೆದ ಚೂರನ್ನು ಬುತ್ತಿಯ ಚೀಲದಲ್ಲಿ ಹಾಕಿಕೊಂಡು ಸಂಜೆ ಮನೆಗೆ ತಂದ.

ಅಡುಗೆಮನೆಯ ನೆಲದ ಮೇಲೆ ಹಳೇ ಪೇಪರು ಹಾಸಿ ಅದನ್ನು ಇಟ್ಟೆವು. ಕಬ್ಬಿಣದ ಗೋಡೆಯ ಮಧ್ಯೆ ಬಟಾಣಿಯಷ್ಟು ದೊಡ್ಡ ಗುಳಿ, ಒಳಗೆ ನುಣ್ಣಗೆ, ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು.

"ಮರಳು ಬಿದ್ದಿದ್ರೆ ತರಿತರಿ ಇರ್ತಿತ್ತು," ಎಂದ ಅಣ್ಣ. "ಕಬ್ಬಿಣ ತಣ್ಣಗಿದ್ರೆ ಗೆರೆ ಇರ್ತಿತ್ತು. ಇದು ಹೊಗೆ. ಕಬ್ಬಿಣ ನೀರಾಗಿದ್ದಾಗಲೇ ಒಳಗೆ ಸಿಕ್ಕಿಕೊಂಡಿದೆ."

"ಹೊಗೆ ಎಲ್ಲಿಂದ ಬರ್ತದ್ರೀ?" ಎಂದಳು ಅತ್ತಿಗೆ. ತಟ್ಟೆ ತೊಳೆಯುತ್ತಿದ್ದಳು.

"ಅದೇ ನನಗೂ ತಿಳೀತಾ ಇಲ್ಲ. ಮೊದಲೆಲ್ಲ ಸುರಿಯೋವಾಗ ಅಚ್ಚಿನ ಮೇಲಿನ ಕಂಡಿಗಳಲ್ಲಿ ಸಾಲಾಗಿ ನೀಲಿ ಉರಿ ಏಳ್ತಿತ್ತು ನೋಡು, ಹೊಗೆ ಹೊರಗೆ ಬಂದು ಉರಿಯೋದು. ಈಗ ಒಂದೂವರೆ ತಿಂಗಳಿಂದ ಅದೂ ಇಲ್ಲ. ಅಂಟು ಒಳ್ಳೇದು ಬಂದಿರಬೇಕು, ಹೊಗೆನೇ ಇಲ್ಲ ಅಂತ ನಾವೆಲ್ಲ ಖುಷಿಪಟ್ಕೊಂಡ್ವಿ."

ಅತ್ತಿಗೆಯ ಕೈ ನಿಂತಿತು. ಆಮೇಲೆ ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದಳು. ಅವತ್ತು ಅವಳು ಊಟ ಮಾಡಲಿಲ್ಲ, ನನ್ನನ್ನು ಒಂದು ಸಲವೂ ರೇಗಿಸಲಿಲ್ಲ. ಬೆಳಿಗ್ಗೆ ನಾನು ಹಲ್ಲುಜ್ಜುವಾಗಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದಳು.

"ಬೇಗ ಬಾ. ನಿನ್ನ ಕೆನ್ನೆ ಬೇಕು."

ಕೋರ್ ಕೋಣೆಗೆ ಆಗ ಇನ್ನೂ ಯಾರೂ ಬಂದಿರಲಿಲ್ಲ. ಕಟ್ಟಿಗೆಯ ಅಟ್ಟಣೆಯ ಮೇಲೆ ಕರಿ ಕೋರುಗಳು ಸಾಲಾಗಿ ಒಣಗುತ್ತಿದ್ದವು. ತನ್ನದೇ ಒಂದನ್ನು, ಸೀಮೆಸುಣ್ಣ ಸೊನ್ನೆ ಬರೆದು ಹೋಗಿದ್ದನ್ನು, ಎರಡೂ ಕೈಯಲ್ಲಿ ಎತ್ತಿಕೊಂಡಳು. ನಾನು ಆ ತುದಿಯ ಕಾಲಿಗೆ ಕೆನ್ನೆ ಕೊಟ್ಟೆ. ಅವಳು ಈ ತುದಿಯಿಂದ ಊದಿದಳು. ಮುಖ ಕೆಂಪೇರುವವರೆಗೆ, ಕತ್ತಿನ ನರ ಉಬ್ಬುವವರೆಗೆ ಊದಿದಳು. ನನ್ನ ಕೆನ್ನೆಗೆ ತಣ್ಣನೆಯ ಮರಳು ತಾಗಿತೇ ಹೊರತು ಮತ್ತೇನೂ ಬರಲಿಲ್ಲ.

"ಬಂತಾ?"

"ಇಲ್ಲ ಅತ್ತಿಗೆ."

ಕಿವಿಯ ಹಿಂದಿನಿಂದ ತಂತಿ ತೆಗೆದಳು. ಹದಿನಾಲ್ಕು ತೂತಿನ ಅಂಟನ್ನೂ ಕೆರೆದು ತೆಗೆದು ಒಳಗಿನವರೆಗೆ ಚುಚ್ಚಿದಳು. ಮತ್ತೆ ಊದಿದಳು. ಈ ಸಲ ಕೆನ್ನೆಗೆ ಬೆಚ್ಚನೆ ಗಾಳಿ ತಾಗಿತು, ಸಣ್ಣಗೆ, ಮಲಗಿದ ಮಗುವಿನ ಉಸಿರಿನ ಹಾಗೆ. ಅವಳಿಗೆ ನನ್ನ ಮುಖ ನೋಡಿಯೇ ತಿಳಿಯಿತು. ಬಾಯಿ ಸುತ್ತ ಕರಿ ಮೆತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಅತ್ತೆ ಎಷ್ಟು ಸಲ ಹೇಳಿದ್ರು," ಎಂದಳು. "ಒಂದು ಸೊನ್ನೆ ಆಸೆಗೆ ಹನ್ನೊಂದು ಜನರ ಅನ್ನಕ್ಕೆ ಮಣ್ಣು ಹಾಕಿದೆ ನೋಡು."

ನಾನು ಹೇಳಿದೆ, "ಯಾರಿಗೂ ಹೇಳ್ಬೇಡ. ಇವತ್ತಿಂದ ತೂತು ಬಿಟ್ಟುಬಿಡಿ. ಸೋರೋದು ತಾನಾಗೇ ನಿಲ್ತದೆ." ಮರ್ಯಾದೆ ಉಳಿಸುವ ಉಪಾಯ ಎಂದುಕೊಂಡೇ ಹೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

"ತೂತು ಬಿಟ್ರೆ ಕೆಂಪು ಬೀಳ್ತದೆ, ಕೆಂಪು ಬಿದ್ದಿದ್ದು ಅಚ್ಚಿಗೆ ಹೋಗಲ್ಲ," ಎಂದಳು. "ಕದ್ದು ಮಾಡೋ ಕೆಲಸ ಅಲ್ಲ ಇದು." ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದಳು.

ಅತ್ತಿಗೆ ಮ್ಯಾನೇಜರ ಕೋಣೆಗೆ ಹೋದದ್ದು ಅದೇ ಮೊದಲು. ಕೈಯಲ್ಲಿ ಎರಡು ಕೋರು. ಸೀಮೆಸುಣ್ಣವೂ ಅಲ್ಲೇ ಇದ್ದರು. ನಾನು ಬಾಗಿಲಲ್ಲಿ ನಿಂತೆ.

"ತಪ್ಪು ನನ್ನದು ಸಾರ್," ಎಂದಳು. "ಕೋರಿನ ಉಸಿರು ಕಟ್ಟಿಸಿದ್ದು ನಾನು. ಉಳಿದ ಹತ್ತು ಜನಕ್ಕೂ ಕಲಿಸಿದ್ದು ನಾನೇ. ಅವರದ್ದೇನೂ ಇಲ್ಲ ಇದರಲ್ಲಿ. ಗೊತ್ತಿದ್ದೂ ಮಾಡಿದೆ, ಹಲಗೆ ಮೇಲೆ ಸೊನ್ನೆ ಬರ್ಲಿ ಅಂತ." ಎಲ್ಲವನ್ನೂ ಬಿಡಿಸಿ ಹೇಳಿದಳು, ಉಪ್ಪು ಖಾರ ಹಚ್ಚದೆ. ಸೀಮೆಸುಣ್ಣದ ಮೇಲೆ ಒಂದು ಮಾತೂ ಹೊರಿಸಲಿಲ್ಲ. ನಾನಾಗಿದ್ದರೆ ಮೊದಲು ಅವರ ಹೆಸರೇ ಬರುತ್ತಿತ್ತು.

ಸೀಮೆಸುಣ್ಣದ ಮುಖ ಬಿಳಿಚಿತು, ಆದರೂ ಪಟ್ಟು ಬಿಡಲಿಲ್ಲ. "ಬಾಯಿ ಇಡೋದಕ್ಕೆ ನಾನು ಒಪ್ಪಲ್ಲ," ಎಂದರು.

"ಬಾಯಿ ಬೇಡ ಸಾರ್. ನಮ್ಮ ಮನೇಲಿ ಸೈಕಲ್ ಪಂಪಿದೆ."

ಮ್ಯಾನೇಜರು ನಕ್ಕುಬಿಟ್ಟರು. ನಗು ಒಳ್ಳೆಯ ಲಕ್ಷಣ ಎಂದುಕೊಂಡೆ, ಆದರೆ ಆಮೇಲೆ ಅವರು ಹೇಳಿದ್ದು ನಗುವಂಥದ್ದಾಗಿರಲಿಲ್ಲ. ಹನ್ನೆರಡು ಬ್ಲಾಕು. ಕೋರು ಅವಳ ರೀತಿಯಲ್ಲಿ. ಹನ್ನೆರಡೂ ಸೋರದೆ ನಿಂತರೆ ಕೋರ್ ಕೋಣೆ ಇರುತ್ತದೆ. ಒಂದೇ ಒಂದು ಸೋರಿದರೂ ಮಾತು ಮುಗಿಯಿತು. "ತೊಟ್ಟಿ ಹತ್ರ ನಿಮ್ಮ ಮೈದುನ ಒಬ್ಬರೇ ನಿಲ್ಲೋ ಹಾಗಿಲ್ಲ," ಎಂದೂ ಸೇರಿಸಿದರು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷ ಯಾರ ಮುಲಾಜಿಗೂ ಬೀಳದೆ ಎಲ್ಲರ ಬೈಗುಳ ತಿಂದವನಿಗೆ ಇದು ಬಹುಮಾನ.

ಎರಡು ದಿನ ಹನ್ನೊಂದು ಹೆಂಗಸರೂ ಸೇರಿ, ಅವಸರ ಮಾಡದೆ, ಬರೀ ಹನ್ನೆರಡು ಕೋರು ಮಾಡಿದರು. ಒಬ್ಬಳು ಚುಚ್ಚುವುದು, ಒಬ್ಬಳು ಪಂಪಿನ ರಬ್ಬರ್ ಕೊಳವೆಯನ್ನು ಕಾಲಿಗೆ ಒತ್ತಿ ಹಿಡಿಯುವುದು, ಒಬ್ಬಳು ಪಂಪು ಹೊಡೆಯುವುದು, ಅತ್ತಿಗೆ ಕೆನ್ನೆ ಇಡುವುದು. ಹದಿನಾಲ್ಕೂ ತೂತಿನಿಂದ ಗಾಳಿ ಬಂದ ಮೇಲೇ ಕೋರು ಅಟ್ಟಣೆಗೆ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಅವಳ ಬಲಗೆನ್ನೆ ಬಾಣಲೆಯ ತಳದಂತಾಗಿತ್ತು. ಅಣ್ಣ, "ಯಾರಮ್ಮ ನೀನು, ನಮ್ಮ ಮನೆಯವಳ ಸೀರೆ ಉಟ್ಕೊಂಡು ಬಂದಿದೀಯ," ಎಂದ. ಅವಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು.

ಕಬ್ಬಿಣ ಸುರಿದದ್ದು ಬೆಳಿಗ್ಗೆ ಹತ್ತು ಗಂಟೆಗೆ. ಅಣ್ಣನ ಕೈಗೆ ಅಷ್ಟು ಜನ ನೋಡುವವರು ಹಿಂದೆಂದೂ ಇರಲಿಲ್ಲ. ಹನ್ನೆರಡು ಅಚ್ಚುಗಳು ಸಾಲಾಗಿ ಕೂತಿದ್ದವು. ಕೊಕ್ಕೆಯಲ್ಲಿ ತೂಗುವ ದೊಡ್ಡ ಕುಂಡದಂಥ ಪಾತ್ರೆಯಲ್ಲಿ ಕರಗಿದ ಕಬ್ಬಿಣ ಬಂತು. ಅಣ್ಣ ಮೇಲಿನ ಕಿಟ್ಟ ಸರಿಸಿ, ಚಕ್ರ ತಿರುಗಿಸಿ, ಮೊದಲ ಅಚ್ಚಿನ ಬಾಯಿಗೆ ಸುರಿಯತೊಡಗಿದ. ಎರಕವೆಂದರೆ ನಿಧಾನವಾಗಿ ಸುರಿಯಬೇಕು, ಆದರೆ ಎಲ್ಲೂ ನಿಲ್ಲಿಸಬಾರದು. ನಿಂತರೆ ಅಲ್ಲೇ ಬೆಸುಗೆ ತಪ್ಪುತ್ತದೆ. ನಾನು ಅವನ ಕೈ ನೋಡಲಿಲ್ಲ. ಅಚ್ಚಿನ ಮೇಲಿನ ಕಂಡಿಗಳನ್ನೇ ನೋಡುತ್ತಿದ್ದೆ.

ಮೊದಲು ಏನೂ ಇಲ್ಲ. ಆಮೇಲೆ ಒಂದು ಕಂಡಿಯಲ್ಲಿ ಪುಸಕ್ಕೆಂದು ಬಿಳಿ ಹೊಗೆ. ಅದರ ಬೆನ್ನಿಗೇ ನೀಲಿ ಉರಿ, ಬೆರಳುದ್ದ. ಪಕ್ಕದಲ್ಲಿ ಇನ್ನೊಂದು. ಆಮೇಲೆ ಕೋರಿನ ಕಾಲಿಗೊಂದರಂತೆ ಇದ್ದ ಏಳೂ ಕಂಡಿಗಳಲ್ಲಿ ನೀಲಿ ಉರಿ ಎದ್ದು ನಿಂತಿತು. ಎರಡನೇ ಅಚ್ಚಿನಲ್ಲೂ ಎದ್ದಿತು, ಮೂರನೆಯದರಲ್ಲೂ. ಹನ್ನೆರಡನೆಯದಕ್ಕೆ ಸುರಿಯುವ ಹೊತ್ತಿಗೆ ಆ ಸಾಲಿನಲ್ಲಿ ಎಂಬತ್ತನಾಲ್ಕು ಕಂಡಿಗಳಿದ್ದವು, ಉರಿ ಏಳದೆ ಉಳಿದದ್ದು ಒಂದೂ ಇಲ್ಲ. ಅಣ್ಣ ಮುಖಗವಚ ಎತ್ತಿ, ದೂರದಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ ಹೆಂಡತಿಯ ಕಡೆ ನೋಡಿದ. ನನಗೆ ಅಮ್ಮ ನೆನಪಾದಳು. ಅಳು ಬಂತು ಎಂದೇ ಹೇಳುತ್ತೇನೆ, ಬೆಂಕಿಯ ಝಳಕ್ಕೆ ಎಂದು ಯಾಕೆ ಸುಳ್ಳು ಹೇಳಲಿ.

ಬ್ಲಾಕುಗಳು ತಣಿದು, ಒಳಗಿನ ಮರಳು ಉದುರಿ, ಉಜ್ಜಿಸಿಕೊಂಡು ತೊಟ್ಟಿಗೆ ಬಂದದ್ದು ಮೂರನೆಯ ದಿನ. ಕೋರ್ ಕೋಣೆಯ ಉಳಿದ ಹತ್ತು ಜನವೂ ಬಂದು ಗೋಡೆಗೆ ಒರಗಿ ನಿಂತರು. ಅತ್ತಿಗೆ ಮಾತ್ರ ತೊಟ್ಟಿಯ ಅಂಚಿಗೇ ಬಂದಳು, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಮ್ಯಾನೇಜರು ಒಂದು ಕಡೆ, ಸೀಮೆಸುಣ್ಣ ಗಡಿಯಾರ ಹಿಡಿದು ನನ್ನ ಎದುರು.

ಒಂದನೆಯದು ಮುಳುಗಿತು. ಮೂರು ನಿಮಿಷ. ನೀರು ಕನ್ನಡಿಯಂತೆ ನಿಂತಿತ್ತು. ಎರಡು, ಮೂರು, ನಾಲ್ಕು. ಏಳನೆಯದು ಮುಗಿದಾಗ ಗೋಡೆಯ ಕಡೆಯಿಂದ ಪಿಸುಮಾತು ಶುರುವಾಯಿತು. ಹನ್ನೊಂದನೆಯದು ಮೇಲೆದ್ದಾಗ ಅಣ್ಣ ಎಲ್ಲಿಂದಲೋ ಬಂದು ಹಿಂದೆ ನಿಂತಿದ್ದ.

ಹನ್ನೆರಡನೆಯದು ಮುಳುಗಿತು. ಒಂದು ನಿಮಿಷ ಕಳೆಯಿತು. ಎರಡಾಯಿತು. ಮೂರಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ಬ್ಲಾಕಿನ ಹಿಂಬದಿಯಿಂದ ಸಾಸಿವೆಯಷ್ಟು ಒಂದು ಗುಳ್ಳೆ ಎದ್ದಿತು. ಸೀಮೆಸುಣ್ಣ ಗಡಿಯಾರ ನೋಡುತ್ತಿದ್ದರು, ಮ್ಯಾನೇಜರು ಸೀಮೆಸುಣ್ಣವನ್ನು, ಅತ್ತಿಗೆ ನನ್ನ ಮುಖವನ್ನು. ಕಂಡದ್ದು ನನಗೊಬ್ಬನಿಗೆ. ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎದುರಿಗೆ ಅತ್ತಿಗೆ, ಗೋಡೆಯ ಹತ್ತಿರ ಹತ್ತು ಜನ ಹೆಂಗಸರು.

"ಗುಳ್ಳೆ," ಎಂದೆ.

ಅಣ್ಣ ನನ್ನ ಬೆನ್ನಿಗೇ ಏನೋ ಗೊಣಗಿದ, ಅದನ್ನು ಇಲ್ಲಿ ಬರೆಯುವಂತಿಲ್ಲ. ಅತ್ತಿಗೆಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಎಲ್ಲಿಂದ ಬಂತು?" ಎಂದಳು ಅವಳು.

"ಹಿಂದುಗಡೆಯಿಂದ."

"ಹಿಂದುಗಡೆ ಎಲ್ಲಿ? ಮೇಲೆತ್ತಬೇಡ, ಹಾಗೇ ಇರ್ಲಿ. ನಾನು ಸೋತಿದ್ರೆ ಎಲ್ಲಿ ಸೋತೆ ಅಂತ ನೋಡಿಯೇ ಹೋಗ್ತೀನಿ."

ಆಗ ನಡೆದದ್ದನ್ನು ನಾನು ಎಣಿಸಿರಲಿಲ್ಲ. ಸೀಮೆಸುಣ್ಣ ಗಡಿಯಾರವನ್ನು ಜೇಬಿಗೆ ಹಾಕಿ, ಅಂಗಿಯ ತೋಳನ್ನೂ ಮಡಿಸದೆ, ತೊಟ್ಟಿಗೆ ಬಗ್ಗಿದರು. ಮೂಗಿನ ತುದಿ ನೀರಿಗೆ ತಾಗುವಷ್ಟು ಬಗ್ಗಿದರು. ಭುಜದವರೆಗೆ ಕೈ ಇಳಿಸಿ ಬ್ಲಾಕಿನ ಹಿಂದೆ ಬೆರಳಾಡಿಸಿದರು. ಇನ್ನೊಂದು ಗುಳ್ಳೆ ಎದ್ದಿತು. ಬೆರಳನ್ನು ಅತ್ತಿತ್ತ ಸರಿಸಿದರು. ಗುಳ್ಳೆ ನಿಂತಿತು. ಬೆರಳು ತೆಗೆದರು, ಮತ್ತೆ ಬಂತು.

"ಕಬ್ಬಿಣದ್ದಲ್ಲ," ಎಂದರು. "ರಬ್ಬರಿನ ಅಂಚಿಂದು."

ಮೇಲೆತ್ತಿ ನೋಡಿದೆವು. ಹಿಂದಿನ ತಟ್ಟೆಯ ರಬ್ಬರು ಉಗುರಿನಷ್ಟು ಹರಿದಿತ್ತು. ಬೆಳಗಿನಿಂದ ಹನ್ನೊಂದು ಸಲ ಬಿಗಿದು ಬಿಚ್ಚಿದ್ದು ನಾನೇ. ಅಂದರೆ ಅವತ್ತಿನ ಒಂದೇ ಒಂದು ತಪ್ಪು ನನ್ನ ತೊಟ್ಟಿಯದು. ಮಾಡಿದ್ದುಣ್ಣೋ ಮಹಾರಾಯ. ಹೊಸ ರಬ್ಬರು ಹಾಕಿ ಬಿಗಿದು ಮತ್ತೆ ಇಳಿಸಿದೆ. ಸೀಮೆಸುಣ್ಣದ ತೋಳಿಂದ ನೀರು ತೊಟ್ಟಿಕ್ಕುತ್ತಿತ್ತು, ಗಡಿಯಾರ ಮತ್ತೆ ಕೈಗೆ ಬಂತು. ಒಂದು ನಿಮಿಷ. ಎರಡು. ಅತ್ತಿಗೆ ತೊಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನೀರನ್ನೇ ನೋಡುತ್ತಿದ್ದಳು. ಮೂರು.

"ಆಯ್ತು," ಎಂದರು ಸೀಮೆಸುಣ್ಣ.

ಅತ್ತಿಗೆ ಇನ್ನೂ ನೀರಿನಿಂದ ಕಣ್ಣು ಕೀಳಲಿಲ್ಲ. "ಏನೂ ಕಾಣ್ತಿಲ್ವಲ್ಲೋ," ಎಂದಳು ನನಗೆ.

"ಕಾಣಬಾರದು ಅತ್ತಿಗೆ. ಇಷ್ಟೇ ಇಲ್ಲಿ ನೋಡೋದು."

ಗೋಡೆಯ ಕಡೆಯಿಂದ ಎದ್ದ ಕೂಗಿಗೆ ಕುಲುಮೆಯವರು ಏನೋ ಅನಾಹುತ ಆಯಿತೆಂದು ಓಡಿ ಬಂದರು. ಅಣ್ಣ ನನ್ನ ಬೆನ್ನಿಗೆ ಕೊಟ್ಟ ಏಟು ಪ್ರೀತಿಯದೋ ಹಳೇ ಬಾಕಿಯದೋ ಇಂದಿಗೂ ಗೊತ್ತಾಗಿಲ್ಲ. ಮ್ಯಾನೇಜರು ಕೋರ್ ಕೋಣೆ ಎಲ್ಲಿಗೂ ಹೋಗುವುದಿಲ್ಲ ಎಂದರು, ಎರಡು ಸಲ ಹೇಳಬೇಕಾಯಿತು, ಮೊದಲನೆಯದು ಯಾರಿಗೂ ಕೇಳಿಸಲಿಲ್ಲ. ಅತ್ತಿಗೆ ನನ್ನ ಹತ್ತಿರ ಬಂದು, "ಹೇಳಬೇಕಾದ್ದೇ ಹೇಳಿದೆ ನೀನು. ಹೇಳದೇ ಇದ್ದಿದ್ರೆ ಮನೇಲಿ ನಿನಗೆ ಇವತ್ತು ಊಟ ಇರ್ತಿರಲಿಲ್ಲ," ಎಂದಳು.

ಮಧ್ಯಾಹ್ನ ನಾನು ಕೋರ್ ಕೋಣೆಗೆ ಪಂಪು ತರಲು ಹೋದೆ, ಅಣ್ಣನ ಸೈಕಲ್ಲಿನ ಗಾಳಿ ಇಳಿದಿತ್ತು. ಸೀಮೆಸುಣ್ಣ ಅಲ್ಲೇ ಇದ್ದರು, ಅಂಗಿಯ ತೋಳು ಇನ್ನೂ ಒಣಗಿರಲಿಲ್ಲ. ಹಲಗೆಯ ಮೇಲಿನ ಸೊನ್ನೆಗಳನ್ನೆಲ್ಲ ಒರೆಸಿಹಾಕಿದ್ದರು. ಅತ್ತಿಗೆಯ ಮೇಜಿನ ಮುಂದೆ ನಿಂತು, "ಕೆಂಪು ಸುತ್ತು ಹಾಕಿದ್ದು ನಾನಮ್ಮ. ಅದನ್ನ ನೀವು ಅವತ್ತು ಮ್ಯಾನೇಜರ ಮುಂದೆ ಹೇಳಲೇ ಇಲ್ಲ," ಎಂದರು.

"ತುಂಬಿದ ಕೈ ನನ್ನದಲ್ವಾ ಸಾರ್," ಎಂದಳು ಅತ್ತಿಗೆ, ತಂತಿಯಿಂದ ಕಣ್ಣೆತ್ತದೆ.

"ಇದನ್ನ ನೋಡೋದು ಹೇಗೆ, ನನಗೂ ಹೇಳಿಕೊಡಿ."

ಅತ್ತಿಗೆ ತಲೆಯೆತ್ತಿ ಅವರನ್ನು ಒಂದು ಸಲ ಅಳೆದಳು. "ಕನ್ನಡಕ ತೆಗೀರಿ. ಇಲ್ಲಿಗೆ ಕೆನ್ನೆ ಇಡಿ."

ಅವರು ಕನ್ನಡಕ ತೆಗೆದು, ಬಗ್ಗಿ, ಕರಿ ಮರಳಿಗೆ ಕೆನ್ನೆ ಕೊಟ್ಟರು. ಹತ್ತು ಹೆಂಗಸರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅತ್ತಿಗೆ ಕೊಳವೆ ಒತ್ತಿ ಹಿಡಿದು ಪಂಪನ್ನು ಒಂದು ಸಲ, ಮೆಲ್ಲಗೆ, ಒತ್ತಿದಳು.

"ಬಂತಾ ಸಾರ್?"

ಅವರು ಕಣ್ಣು ಮುಚ್ಚಿಕೊಂಡಿದ್ದರು. "ಬಂತು," ಎಂದರು.